ಕಪ್ಪು ದೋಟಿಯ ಒಳಲೇಪ

ಎಕ್ಕಂಬಿಯ ಪ್ರೀತಿಯ ಅಕ್ಕನಿಗೆ,

ನಿಮ್ಮ ಕಾಗದ ಬಂತು. ಜೊತೆಗೆ ಕಳಿಸಿದ, ಅಡಿಕೆ ಕೊಯ್ಯುವ ದೋಟಿಯ ಚಿತ್ರಗಳನ್ನು ದೊಡ್ಡದು ಮಾಡಿ, ಬೆಳಕಿಗೆ ಹಿಡಿದು ನೋಡಿದೆ. ಮೇಲಿನ ತುಂಡುಗಳ ಹೊಳಪು ಹೋಗಿದೆ, ಒರೆಸಿದರೆ ಬಿಳಿಚಾದ ಪುಡಿ ಕೈಗೆ ಹತ್ತುತ್ತದೆ, ಒಂದು ಕಡೆ ಕಪ್ಪು ಎಳೆ ಎದ್ದು ಹುಡುಗನ ಅಂಗೈಗೆ ಚುಚ್ಚಿತು ಎಂದು ಬರೆದಿದ್ದೀರಿ. ಶಿರಸಿ ಪೇಟೆಯಿಂದ ಒಂದು ಡಬ್ಬಿ ಪೇಂಟ್ ತಂದು ಬಳಿದರೆ ಸಾಕೋ ಎಂಬುದು ನಿಮ್ಮ ಪ್ರಶ್ನೆ. ಕಾಗದದ ಕೊನೆಗೆ ಇನ್ನೊಂದು ಪ್ರಶ್ನೆ ಇದೆ: ಅಡಿಕೆ ಸಿಪ್ಪೆಯ ನಾರಿನಿಂದ ಹಲಗೆ ಮಾಡುವ ಯಂತ್ರ ಕೊಳ್ಳಿ ಎಂದು ಯಾರೋ ಬೆನ್ನು ಹತ್ತಿದ್ದಾರೆ, ನಂಬಬಹುದೇ?

ನೀವು ಬೇರೆ ಬೇರೆ ಎಂದು ಕೇಳಿದ ಈ ಎರಡು ಪ್ರಶ್ನೆಗಳ ಬೇರು ಒಂದೇ. ನಾರು, ಆ ನಾರನ್ನು ಹಿಡಿದಿಟ್ಟ ಅಂಟು, ಇವೆರಡರ ನಡುವೆ ಇರುವ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪ. ದೋಟಿಯ ಗಟ್ಟಿತನ ಅಲ್ಲಿದೆ. ಸಿಪ್ಪೆ ಹಲಗೆ ಬಾಳುವುದೋ ಬಾಯ್ಬಿಡುವುದೋ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬಿಡುವು ಮಾಡಿಕೊಂಡು ಓದಿ. ಅದಕ್ಕೂ ಮೊದಲು ಒಂದು ಮಾತು: ಎಳೆ ಎದ್ದಿರುವ ಆ ತುಂಡನ್ನು ಈಗಲೇ ತೆಗೆದು ಪಕ್ಕಕ್ಕಿಡಿ. ಪೂರ್ತಿ ನೋಡುವ ತನಕ ಅದನ್ನು ಮರದ ತುದಿಗೆ ಏರಿಸುವುದು ಬೇಡ.

ನಮ್ಮ ಕಡೆ ಕೊನೆಗೌಡರು ಮರದಿಂದ ಮರಕ್ಕೆ ಜೀಕಿ ಹೋಗಿ ಅಡಿಕೆ ಕೊನೆ ಇಳಿಸುತ್ತಿದ್ದುದನ್ನು ನೀವೂ ನಾನೂ ನೋಡಿ ಬೆಳೆದವರು. ಆ ಕೈಗಳು ಕಡಿಮೆಯಾದವು. ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋದರು, ಹೋಗಬೇಕಾದ್ದೇ. ಅಷ್ಟು ಎತ್ತರದಲ್ಲಿ ಜೀವ ಒತ್ತೆಯಿಟ್ಟು ದುಡಿಯುವ ಕೆಲಸ ಮುಂದಿನ ತಲೆಮಾರಿಗೂ ಬರಲಿ ಎಂದು ಬಯಸುವುದು ನ್ಯಾಯವಲ್ಲ. ಆ ಜಾಗಕ್ಕೆ ಬಂದದ್ದು ದೋಟಿ. ಮೊದಲು ಅಲ್ಯೂಮಿನಿಯಂ, ಆಮೇಲೆ ಈ ಕಪ್ಪು ಕಾರ್ಬನ್ ಫೈಬರ್. ಅರವತ್ತು ಅಡಿ ಬಿಚ್ಚಿದರೂ ನೆಲದ ಮೇಲೆ ನಿಂತ ಒಬ್ಬರು ಎತ್ತಿ ಹಿಡಿಯುವಷ್ಟು ಹಗುರ. ಕತ್ತಿ ಕಟ್ಟಿದರೆ ಕೊಯ್ಲು, ನಾಝಲ್ ಕಟ್ಟಿದರೆ ಮದ್ದು ಹೊಡೆಯುವುದು. ವಿಮಾನದ ರೆಕ್ಕೆಗೆ ಬಳಸುವ ವಸ್ತು ಎಕ್ಕಂಬಿಯ ತೋಟದೊಳಗೆ ಬಂದು ನಿಂತಿದೆ, ನನಗೆ ಇದು ನಿಜಕ್ಕೂ ಸಂತೋಷದ ಸಂಗತಿ.

ಇಂಥ ಕೊಳವೆ ಮಾಡುವ ಕ್ರಮ ಹೀಗೆ. ಕಾರ್ಬನ್ ಎಳೆಗಳನ್ನು ಅರೆಗಟ್ಟಿ ಎಪಾಕ್ಸಿಯಲ್ಲಿ ನೆನೆಸಿದ ಹಾಳೆ ಬರುತ್ತದೆ. ಅದನ್ನು ಉಕ್ಕಿನ ಸರಳಿನ ಮೇಲೆ ಸುತ್ತುತ್ತಾರೆ. ಮೇಲಿಂದ ಬಿಸಿಗೆ ಕುಗ್ಗುವ ಪಟ್ಟಿ ಸುತ್ತಿ ಒಲೆಯೊಳಗೆ ಬೇಯಿಸುತ್ತಾರೆ. ಎಪಾಕ್ಸಿ ಗಟ್ಟಿಯಾದ ಮೇಲೆ ಸರಳು ಎಳೆದು ತೆಗೆದು, ಮೈ ಉಜ್ಜಿ ನಯಮಾಡಿ, ಪಾರದರ್ಶಕ ವಾರ್ನಿಶ್ ಹೊಡೆಯುತ್ತಾರೆ. ಕಡಿಮೆ ಬೆಲೆಯವುಗಳಲ್ಲಿ ಕಾರ್ಬನ್ ಜೊತೆ ಗಾಜಿನ ನಾರನ್ನೂ ಬೆರೆಸುವುದುಂಟು.

ನೀವು ಕಳೆದುಕೊಂಡಿರುವುದು ಆ ಹೊರಗಿನ ವಾರ್ನಿಶ್ಶನ್ನು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಎಪಾಕ್ಸಿಗೆ ಆಗಿಬರುವುದಿಲ್ಲ. ಮೇಲ್ಪದರದ ಅಣುಬಂಧಗಳನ್ನು ಅದು ಒಂದೊಂದಾಗಿ ಕಡಿಯುತ್ತದೆ, ಕಡಿದದ್ದು ಪುಡಿಯಾಗುತ್ತದೆ, ಆ ಪುಡಿಯನ್ನು ಮಳೆ ತೊಳೆಯುತ್ತದೆ, ಕೆಳಗಿನ ಹೊಸ ಪದರ ಮತ್ತೆ ಬಿಸಿಲಿಗೆ ಬರುತ್ತದೆ. ಅದಕ್ಕಾಗಿಯೇ ವಾರ್ನಿಶ್‌ನೊಳಗೆ ಆ ಕಿರಣವನ್ನು ಹೀರುವ ರಾಸಾಯನಿಕ ಸೇರಿಸಿರುತ್ತಾರೆ. ನಿಮ್ಮ ಊರು ಇರುವ ಜಾಗವನ್ನೇ ನೋಡಿ. ಹುಬ್ಬಳ್ಳಿ ರಸ್ತೆಯಲ್ಲಿ ಶಿರಸಿ ದಾಟಿ ಬಂದರೆ ಘಟ್ಟದ ಮಳೆ ಸ್ವಲ್ಪ ತಗ್ಗಿ ಬಯಲುಸೀಮೆಯ ಬಿಸಿಲು ಮೊದಲಾಗುತ್ತದೆ. ಮಳೆಗಾಲದ ನೀರು, ಬೇಸಿಗೆಯ ಉರಿ, ಎರಡೂ ದೋಟಿಯ ಪಾಲಿಗೆ ಇವೆ. ಅಟ್ಟದ ನೆರಳಿನಲ್ಲಿ ಇಟ್ಟಿದ್ದರೆ ಬಾಳುತ್ತಿತ್ತು. ತೋಟದ ಬೇಲಿಗೆ ಒರಗಿಸಿಟ್ಟರೆ ಹೀಗೆ.

ಆದರೆ ಹೊರಗಿನ ಹೊಳಪು ಹೋಗಿದ್ದಕ್ಕೇ ದೋಟಿ ಮುರಿಯುವುದಿಲ್ಲ. ಕಾರ್ಬನ್ ಕಪ್ಪು, ಆ ಕಿರಣವನ್ನು ಅದು ತಾನೇ ತಡೆದು ನಿಲ್ಲಿಸುತ್ತದೆ. ಹಾಗಾಗಿ ಹಾನಿ ತೀರ ಒಳಗೆ ಇಳಿಯುವುದಿಲ್ಲ. ನನಗೆ ಚಿಂತೆ ಹುಟ್ಟಿಸಿದ್ದು ಎದ್ದು ನಿಂತ ಎಳೆ. ಎಳೆ ಎದ್ದಿದೆ ಎಂದರೆ ಅಂಟಿನ ಹಿಡಿತ ಬಿಟ್ಟಿದೆ. ಒಳಲೇಪದ ಕಥೆ ಶುರುವಾಗುವುದು ಇಲ್ಲಿಂದ.

ಕಾರ್ಬನ್ ಎಳೆ ಹುಟ್ಟುವುದು ಸ್ವೆಟರಿಗೆ ಬಳಸುವ ಅಕ್ರಿಲಿಕ್ ನೂಲಿನ ಜಾತಿಯ ಒಂದು ನೂಲಿನಿಂದ. ಅದನ್ನು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿಯಲ್ಲಿ ನಿಧಾನ ಕಾಯಿಸುತ್ತಾರೆ. ಆಮೇಲೆ ಆಮ್ಲಜನಕ ಸುಳಿಯದಂತೆ ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ ಸಾವಿರ ಡಿಗ್ರಿ ದಾಟಿಸುತ್ತಾರೆ. ಉಳಿದದ್ದು ಬಹುಪಾಲು ಹಾರಿಹೋಗಿ ಹೆಚ್ಚುಕಡಿಮೆ ಇಂಗಾಲವೊಂದೇ ಉಳಿಯುತ್ತದೆ. ಎಳೆಯ ದಪ್ಪ 5ರಿಂದ 7 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್ ಅಗಲದಲ್ಲಿ ನೂರೈವತ್ತರಷ್ಟು ಎಳೆಗಳನ್ನು ಪಕ್ಕಪಕ್ಕ ಮಲಗಿಸಬಹುದು. ಒಂದು ಕಟ್ಟಿನಲ್ಲಿ ಹನ್ನೆರಡು ಸಾವಿರ ಎಳೆ ಇರುವುದು ಸಾಮಾನ್ಯ. ಉದ್ದಕ್ಕೆ ಎಳೆದರೆ ಅಸಾಧ್ಯ ಗಟ್ಟಿ. ಆದರೆ ಕುಲುಮೆಯಿಂದ ಈಗಷ್ಟೇ ಹೊರಬಂದ ಎಳೆಗೆ ಎರಡು ಕುಂದು. ಒಂದು, ಅದರ ಮೈ ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ, ಶುದ್ಧ ಇಂಗಾಲಕ್ಕೆ ಎಪಾಕ್ಸಿಯ ಜೊತೆ ಕೂಡುವ ಒಲವೇ ಇಲ್ಲ. ಎರಡು, ಅದು ಬಲು ಪೆಡಸು. ಉರುಳೆಗಳ ಮೇಲೆ ಹಾಯುವಾಗ ಎಳೆ ಎಳೆಗೆ ತಿಕ್ಕಿ ತುಂಡಾಗಿ ನವಿರೇಳುತ್ತದೆ.

ಮೊದಲ ಕುಂದಿಗೆ ಮದ್ದು ವಿದ್ಯುತ್. ಎಳೆಯ ಕಟ್ಟನ್ನು ಅಮೋನಿಯಂ ಬೈಕಾರ್ಬೊನೇಟ್‌ನಂಥ ಲವಣದ ನೀರಿನಲ್ಲಿ ಹಾಯಿಸಿ, ಎಳೆಯನ್ನೇ ಧನಾಗ್ರ ಮಾಡಿ ವಿದ್ಯುತ್ ಹರಿಸುತ್ತಾರೆ. ಮೈಮೇಲೆ ಅಲ್ಲಲ್ಲಿ ಆಮ್ಲಜನಕದ ಗುಂಪುಗಳು ಕೂರುತ್ತವೆ, ಸಡಿಲವಾಗಿದ್ದ ಪದರ ಕಳಚಿಹೋಗುತ್ತದೆ. ಈ ಗುಂಪುಗಳು ಎಪಾಕ್ಸಿ ಹಿಡಿದುಕೊಳ್ಳುವ ಜಾಗಗಳು. ಅತಿಯಾದರೆ ಎಳೆಗೇ ಹೊಂಡ ಬೀಳುತ್ತದೆ, ಕಡಿಮೆಯಾದರೆ ಅಂಟುವುದಿಲ್ಲ, ಹದ ಬೇಕು. ಎರಡನೆಯದಕ್ಕೆ ಸೈಜಿಂಗ್ ಎಂಬ ಒಳಲೇಪ. ತೊಳೆದು ಒಣಗಿಸಿದ ಎಳೆಯನ್ನು ನೀರಿನಲ್ಲಿ ಕದಡಿದ ಎಪಾಕ್ಸಿಯಲ್ಲಿ ಅದ್ದಿ ಮತ್ತೆ ಒಣಗಿಸುತ್ತಾರೆ. ಎಳೆಯ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು, ಅಷ್ಟೇ.

ಬೇಯಿಸಿದ ಅಡಿಕೆಗೆ ನೀವು ಚೊಗರು ಹಾಕುತ್ತೀರಲ್ಲ, ಈ ಸೈಜಿಂಗ್ ಅದೇ ರೀತಿಯದು. ರಾಶಿ ಅಡಿಕೆಯ ತೂಕದ ಮುಂದೆ ಚೊಗರಿನ ಪದರ ಲೆಕ್ಕಕ್ಕೆ ಬಾರದಷ್ಟು ತೆಳು, ಆದರೂ ಬಣ್ಣ, ಹೊಳಪು, ಬಾಳಿಕೆ, ಕಡೆಗೆ ಪೇಟೆಯ ದರ ಕೂಡ ಅದನ್ನು ನೆಚ್ಚಿದೆ. ಹದ ಮನೆಯಿಂದ ಮನೆಗೆ ಬೇರೆ. ಎಳೆ ತಯಾರಿಸುವ ಕಂಪನಿಗಳೂ ತಮ್ಮ ಸೈಜಿಂಗ್‌ನ ಹದವನ್ನು ಹೊರಗೆ ಹೇಳುವುದಿಲ್ಲ. ಎಳೆಯ ಬಲ ಇಷ್ಟು, ದಪ್ಪ ಇಷ್ಟು ಎಂದು ಧಾರಾಳವಾಗಿ ಅಚ್ಚು ಹಾಕುತ್ತಾರೆ. ಲೇಪದ ವಿಷಯಕ್ಕೆ ಬಂದರೆ ಎಪಾಕ್ಸಿಗೆ ಹೊಂದುತ್ತದೆ ಎಂಬಷ್ಟಕ್ಕೇ ಮಾತು ಮುಗಿಯುತ್ತದೆ.

ಇಷ್ಟು ಚಿಕ್ಕ ಪದರಕ್ಕೆ ಅಷ್ಟು ಬೆಲೆ ಏಕೆ ಎಂದು ನಿಮಗೆ ಅನ್ನಿಸಬಹುದು. ದೋಟಿ ಬಾಗಿದಾಗ ಭಾರ ಹೊರುವುದು ಎಳೆ. ಆದರೆ ಭಾರ ಎಳೆಗೆ ತಲುಪುವುದು ಅಂಟಿನ ಮೂಲಕ. ಎಳೆ ಒಂದು ಕಡೆ ತುಂಡಾಗಿದೆ ಎನ್ನೋಣ, ಸಾವಿರಾರು ಎಳೆಗಳಲ್ಲಿ ಯಾವುದಾದರೂ ತುಂಡಾಗಿಯೇ ಇರುತ್ತದೆ. ಅದು ಹೊರುತ್ತಿದ್ದ ಭಾರ ಸುತ್ತಲಿನ ಅಂಟಿಗೆ ದಾಟಿ, ಪಕ್ಕದ ಎಳೆಗಳಿಗೆ ಹೋಗಿ, ಸ್ವಲ್ಪ ಮುಂದೆ ಅದೇ ಎಳೆಗೆ ಮರಳುತ್ತದೆ. ತುಂಡಾದ ಜಾಗದ ಎರಡೂ ಬದಿ ಸೇರಿ ಆ 'ಸ್ವಲ್ಪ ಮುಂದೆ' ಎಷ್ಟು ದೂರ ಎಂಬುದಕ್ಕೆ ಕೆಲ್ಲಿ ಮತ್ತು ಟೈಸನ್ ಎಂಬ ವಿಜ್ಞಾನಿಗಳು 1965ರಲ್ಲಿ ಸರಳ ಲೆಕ್ಕ ಕೊಟ್ಟರು: ಎಳೆಯ ಬಲವನ್ನು ಅದರ ದಪ್ಪದಿಂದ ಗುಣಿಸಿ, ಅಂಟಿನ ಹಿಡಿತದ ಎರಡರಷ್ಟರಿಂದ ಭಾಗಿಸಿದರೆ ಆಯಿತು. 7 ಮೈಕ್ರಾನ್ ದಪ್ಪದ, 4,900 ಮೆಗಾಪಾಸ್ಕಲ್ ಬಲದ ಎಳೆಗೆ ಹಿಡಿತ 50 ಮೆಗಾಪಾಸ್ಕಲ್ ಇದ್ದರೆ ದೂರ ಸುಮಾರು 0.34 ಮಿಲಿಮೀಟರ್. ಹಿಡಿತ ಅರ್ಧಕ್ಕೆ ಇಳಿದರೆ ದೂರ ಎರಡರಷ್ಟು. ಅಷ್ಟು ಉದ್ದಕ್ಕೆ ಆ ಎಳೆಯ ಶಕ್ತಿ ವ್ಯರ್ಥ, ಅಕ್ಕಪಕ್ಕದವುಗಳ ಮೇಲೆ ಹೊರೆ. ಬಾಗಿದ ದೋಟಿಯ ಒಳಮಗ್ಗುಲಲ್ಲಿ ಇನ್ನೂ ಕಷ್ಟ. ಅಲ್ಲಿ ಎಳೆಗಳು ಎಳೆತಕ್ಕಲ್ಲ, ಒತ್ತಡಕ್ಕೆ ಸಿಕ್ಕಿರುತ್ತವೆ. ಅಂಟು ಪಕ್ಕದಿಂದ ಆತುಕೊಳ್ಳದಿದ್ದರೆ ಸೊಟ್ಟಾಗಿ ಮಡಿಚಿಕೊಳ್ಳುತ್ತವೆ. ದೋಟಿ ಎಳೆದಾಗ ಹರಿಯುವುದಕ್ಕಿಂತ ಬಾಗಿದಾಗ 'ಚಟ್' ಎಂದು ಮುರಿಯುವುದೇ ಹೆಚ್ಚು ಎಂದು ನಿಮ್ಮ ಹುಡುಗ ಗಮನಿಸಿರಬಹುದು.

ಇದೆಲ್ಲ ಮೊದಲ ದಿನವೇ ತಿಳಿದಿದ್ದಲ್ಲ. ಜಪಾನಿನ ಅಕಿಯೊ ಶಿಂಡೊ 1960ರ ಸುಮಾರಿಗೆ ಈ ನೂಲಿನಿಂದ ಕಾರ್ಬನ್ ಎಳೆ ಮಾಡಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಸಂಸ್ಥೆಯಲ್ಲಿ ವಿಲಿಯಂ ವಾಟ್ ಮತ್ತು ಸಂಗಡಿಗರು ಅದನ್ನು ಬಹಳ ಗಟ್ಟಿಯಾಗಿಸಿದರು. ಎಳೆ ಅದ್ಭುತವಾಗಿತ್ತು, ಹಲಗೆ ಮಾಡಿದರೆ ಪದರ ಪದರವಾಗಿ ಜಾರುತ್ತಿತ್ತು. ಎಳೆಯ ಮೈಯನ್ನು ಉತ್ಕರ್ಷಿಸುವುದನ್ನು ಕಲಿತ ಮೇಲೆ ಆ ಜಾರಿಕೆ ನಿಂತಿತು.

ನಮ್ಮ ನಾಡಿನಲ್ಲಿ ಈ ವಿದ್ಯೆ ಬೇರೂರಿದ್ದು ಬೆಂಗಳೂರಿನಲ್ಲಿ. ಅಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎನ್‌ಎಎಲ್, ಗಾಜಿನ ನಾರಿನಿಂದ ಕಟ್ಟಿದ ಹಂಸ ತರಬೇತಿ ವಿಮಾನ 1993ರಲ್ಲಿ ಮೊದಲು ಹಾರಿತು. 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಏರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಇಂಥ ನಾರು-ಅಂಟಿನ ವಸ್ತು. ಅದರ ಬಾಲದ ನೆಟ್ಟನೆಯ ರೆಕ್ಕೆಯನ್ನು ರೂಪಿಸಿದ್ದು ಎನ್‌ಎಎಲ್. ಕಾರ್ಬನ್ ಎಳೆಯನ್ನೇ ತಯಾರಿಸುವ ತಂತ್ರವನ್ನೂ ಅಲ್ಲಿ ಬೆಳೆಸಿದರು. ಅಂಥ ಎಳೆಯನ್ನು ಕೊಡಿ ಎಂದರೆ ಹೊರದೇಶದವರು ಕೊಡದ ಕಾಲವಿತ್ತು. ಎಳೆಯ ರಸಾಯನ, ಮೈಯ ಸಂಸ್ಕಾರ, ಸೈಜಿಂಗ್, ಎಲ್ಲವನ್ನೂ ಒಂದೊಂದಾಗಿ ಕೈಯಾರೆ ಕಲಿತವರ ಶ್ರಮ ಅದು. ತೇಜಸ್ ಎಂದಾಗ ನಾವು ಚಾಲಕನನ್ನು ನೆನೆಯುತ್ತೇವೆ. ಲೋಟದಷ್ಟು ಲವಣದ ನೀರಿನಲ್ಲಿ ಎಳೆ ಅದ್ದಿ ಅಳೆದ ರಸಾಯನಶಾಸ್ತ್ರಜ್ಞರನ್ನೂ ನೆನೆಯಬೇಕು ಎಂದು ನನ್ನ ಆಸೆ.

ಗಾಜಿನ ನಾರಿನ ಕಥೆ ಇದಕ್ಕಿಂತ ಹಳೆಯದು, ನನಗೆ ಇನ್ನೂ ಪ್ರಿಯವಾದದ್ದು. 1921ರಲ್ಲಿ ಗ್ರಿಫಿತ್ ಎಂಬ ಎಂಜಿನಿಯರ್ ಗಾಜನ್ನು ಎಳೆಯಾಗಿ ಎಳೆದು ತೂಗಿ ನೋಡಿ, ಎಳೆ ತೆಳುವಾದಷ್ಟೂ ಗಾಜು ಗಟ್ಟಿ ಎಂದು ತೋರಿಸಿದ. ಗಾಜನ್ನು ಮುರಿಯುವುದು ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳು ಎಂದು ಅವನು ಕಾರಣವನ್ನೂ ಕೊಟ್ಟ. ಈಗಷ್ಟೇ ಎಳೆದ ಗಾಜಿನ ಎಳೆ ಬಲಿಷ್ಠ, ಆದರೆ ಅದಕ್ಕೆ ಏನಾದರೂ ತಾಗಿದರೆ ಸಾಕು, ಬಲ ಇಳಿಯುತ್ತದೆ. ಗಾಳಿಯ ತೇವ ಕೂಡ ಗೀರನ್ನು ಬೆಳೆಸುತ್ತದೆ. ಆದ್ದರಿಂದ ಗಾಜಿನ ನಾರಿನ ಕಾರ್ಖಾನೆಯಲ್ಲಿ, ಉದಾಹರಣೆಗೆ ಕಾರವಾರ ದಾಟಿ ಹೋದರೆ ಸಿಗುವ ಗೋವಾದ ಕೋಲ್ವಾಳದಲ್ಲಿರುವಂಥದ್ದರಲ್ಲಿ, ಕರಗಿದ ಗಾಜು ಪ್ಲಾಟಿನಂ ತಟ್ಟೆಯ ನೂರಾರು ತೂತುಗಳಿಂದ ಇಳಿದು ಎಳೆಯಾಗುತ್ತಿದ್ದಂತೆ, ಇನ್ನೇನೂ ಮುಟ್ಟುವ ಮೊದಲೇ, ಲೇಪದ ಉರುಳೆ ಮುಟ್ಟುತ್ತದೆ. ಹುಟ್ಟಿದ ಕ್ಷಣಾರ್ಧದಲ್ಲಿ ಮೈಗೆ ರಕ್ಷೆ.

1930ರ ದಶಕದಲ್ಲಿ ಗಾಜಿನ ನಾರಿನ ಉದ್ಯಮ ಅಮೆರಿಕದಲ್ಲಿ ಶುರುವಾದಾಗ ಲೇಪ ಎಂದರೆ ನೇಕಾರರು ನೂಲಿಗೆ ಹಾಕುವ ಗಂಜಿ ಮತ್ತು ಎಣ್ಣೆಯೇ. ನೇಯುವುದಕ್ಕೆ ಅದು ಸರಿಹೋಯಿತು, ಪ್ಲಾಸ್ಟಿಕ್ಕಿಗೆ ಅಂಟಲು ಅಡ್ಡಿಯಾಯಿತು. ನೇಯ್ದ ಬಟ್ಟೆಯನ್ನು ಕಾಯಿಸಿ ಗಂಜಿ ಸುಟ್ಟು ತೆಗೆಯಬೇಕಾಗುತ್ತಿತ್ತು. ಇನ್ನೂ ದೊಡ್ಡ ತೊಂದರೆ ನೀರಿನದು. ಒಣಗಿದ್ದಾಗ ಗಟ್ಟಿಯಾಗಿದ್ದ ಗಾಜು-ಪಾಲಿಯೆಸ್ಟರ್ ಹಲಗೆ ನೀರಿನಲ್ಲಿ ನೆನೆದರೆ ಬಲ ಕಳೆದುಕೊಳ್ಳುತ್ತಿತ್ತು. ಗಾಜಿಗೆ ಪ್ಲಾಸ್ಟಿಕ್ಕಿಗಿಂತ ನೀರಿನ ಮೇಲೆ ಪ್ರೀತಿ ಹೆಚ್ಚು. ತೇವ ಎಳೆಯ ಗುಂಟ ನುಸುಳಿ ಅಂಟನ್ನು ಬಿಡಿಸುತ್ತಿತ್ತು.

ಇದಕ್ಕೆ ಸಿಕ್ಕ ಪರಿಹಾರ ಸಿಲೇನ್. 1940ರ ದಶಕದ ಕೊನೆಯಿಂದ ಇದರ ಪ್ರಯೋಗಗಳು ನಡೆದವು. ಡೌ ಕಾರ್ನಿಂಗ್ ಕಂಪನಿಯ ಎಡ್ವಿನ್ ಪ್ಲೂಡಮನ್ ಜೀವಮಾನವಿಡೀ ಇದರ ಮೇಲೆ ದುಡಿದು 1982ರಲ್ಲಿ ಇದಕ್ಕೆಂದೇ ಒಂದು ಪುಸ್ತಕ ಬರೆದರು. ಸಿಲೇನ್ ಅಣುವಿಗೆ ಎರಡು ತುದಿ. ಒಂದು ತುದಿ ನೀರಿನಲ್ಲಿ ಬಿಚ್ಚಿಕೊಂಡು ಗಾಜಿನ ಮೈಗೆ ಸಿಲಿಕಾನ್-ಆಮ್ಲಜನಕದ ಬಂಧದಿಂದ ಕೂಡುತ್ತದೆ, ಅಂದರೆ ಗಾಜಿನದೇ ಕುಲದ ಬಂಧ. ಇನ್ನೊಂದು ತುದಿಯನ್ನು ಅಂಟಿಗೆ ತಕ್ಕಂತೆ ಆರಿಸಬಹುದು, ಎಪಾಕ್ಸಿಗೆ ಅಮೈನೋ, ಪಾಲಿಯೆಸ್ಟರಿಗೆ ವಿನೈಲ್ ಅಥವಾ ಮೆಥಾಕ್ರಿಲ್. ತದಡಿ, ಹೊನ್ನಾವರದ ಬಂದರುಗಳಲ್ಲಿ ಸಾಲಾಗಿ ನಿಂತ ಫೈಬರ್ ದೋಣಿಗಳನ್ನು ನೀವು ನೋಡಿದ್ದೀರಿ. ಅವು ಉಪ್ಪುನೀರಿನಲ್ಲಿ ವರ್ಷಾನುಗಟ್ಟಲೆ ಬಾಳುತ್ತಿರುವುದಕ್ಕೆ ಹೊರಗಿನ ಬಣ್ಣದ ಜೆಲ್‌ಕೋಟ್ ಒಂದು ಕಾರಣ, ಈ ಸಿಲೇನ್ ಇನ್ನೊಂದು. ದೋಣಿ ಕೊಳ್ಳುವವರು ಮೊದಲನೆಯದನ್ನು ಮುಟ್ಟಿ ನೋಡುತ್ತಾರೆ, ಎರಡನೆಯದು ಅವರ ಗಮನಕ್ಕೆ ಬರುವುದೇ ಇಲ್ಲ.

ಹಾಗಾದರೆ ಲೇಪ ಎಂದರೆ ಬಿಗಿಯಾಗಿ ಅಂಟಿಸುವುದು, ಅಷ್ಟೇ ತಾನೇ ಎಂದು ನೀವು ಕೇಳಿದರೆ, ಅಲ್ಲ ಎನ್ನಬೇಕಾಗುತ್ತದೆ. ಈ ವಿಷಯದಲ್ಲಿ ನನ್ನನ್ನು ಬಹಳ ಕಾಲ ಹಿಡಿದಿಟ್ಟ ಭಾಗ ಇದು. ಜೆಟ್ ಎಂಜಿನ್ನಿನ ಬಿಸಿಗೆ ಪ್ಲಾಸ್ಟಿಕ್ ನಿಲ್ಲುವುದಿಲ್ಲ, ಅಲ್ಲಿ ಎಳೆಯೂ ಸಿಲಿಕಾನ್ ಕಾರ್ಬೈಡ್, ಸುತ್ತಲಿನ ಒಡಲೂ ಅದೇ. ಎರಡೂ ಪೆಡಸು. ಎರಡನ್ನೂ ಬಿಗಿಯಾಗಿ ಬೆಸೆದರೆ ಒಡಲಿನಲ್ಲಿ ಹುಟ್ಟಿದ ಬಿರುಕು ಎಳೆಯನ್ನೂ ಸೀಳಿಕೊಂಡು ನೇರ ಹೋಗುತ್ತದೆ, ಇಡೀ ವಸ್ತು ಪಿಂಗಾಣಿಯಾಗಿ ಒಡೆಯುತ್ತದೆ. ಆದ್ದರಿಂದ ಅಲ್ಲಿ ಎಳೆಗೆ ಬೇಕೆಂದೇ ದುರ್ಬಲ ಲೇಪ ಕೊಡುತ್ತಾರೆ: ಬೋರಾನ್ ನೈಟ್ರೈಡ್, ಒಂದು ಮೈಕ್ರಾನಿಗಿಂತ ತೆಳು. ಬಿರುಕು ಎಳೆಯ ಹತ್ತಿರ ಬಂದಾಗ ಲೇಪ ಬಿಟ್ಟುಕೊಡುತ್ತದೆ, ಬಿರುಕು ಪಕ್ಕಕ್ಕೆ ತಿರುಗಿ ಎಳೆಯ ಗುಂಟ ಓಡಿ ಸುಸ್ತಾಗುತ್ತದೆ, ಎಳೆ ಉಳಿಯುತ್ತದೆ. ಮೊದಲು ಇದಕ್ಕೆ ಇಂಗಾಲದ ಲೇಪ ಬಳಸುತ್ತಿದ್ದರು. ಅದು ಗಾಳಿಯಲ್ಲಿ ಐನೂರು ಡಿಗ್ರಿಯ ಆಸುಪಾಸಿಗೇ ಉರಿದುಹೋಗುತ್ತಿತ್ತು. ಬೋರಾನ್ ನೈಟ್ರೈಡ್ ಹೆಚ್ಚು ಬಿಸಿ ತಾಳುತ್ತದೆ, ಉತ್ಕರ್ಷಗೊಂಡರೂ ಗಾಜಿನಂಥ ದ್ರವವಾಗಿ ಬಿರುಕನ್ನು ಮುಚ್ಚುತ್ತದೆ. 2016ರಿಂದ ಪ್ರಯಾಣಿಕ ವಿಮಾನಗಳಲ್ಲಿ ಓಡುತ್ತಿರುವ ಲೀಪ್ ಎಂಜಿನ್ನಿನಲ್ಲಿ ಇಂಥ ಭಾಗವಿದೆ. ಹಿಡಿತ ಎಷ್ಟಿರಬೇಕು ಎಂಬುದು ಯಾವುದರ ಜೊತೆ, ಯಾವ ಕೆಲಸಕ್ಕೆ ಎಂಬುದರ ಮೇಲೆ ನಿಂತಿದೆ. 'ಇದು ಎಲ್ಲದಕ್ಕೂ ಅಂಟುತ್ತದೆ' ಎನ್ನುವ ಡಬ್ಬಿಯನ್ನು ನಾನು ನಂಬದಿರುವುದು ಇದಕ್ಕೇ.

ಈಗ ನಿಮ್ಮ ದೋಟಿಗೆ ಬರುತ್ತೇನೆ. ಚಿತ್ರದಲ್ಲಿ ಇನ್ನೊಂದು ಕಂಡಿತು, ನೀವು ಅದನ್ನು ಬರೆದಿಲ್ಲ. ಕೊಳವೆಗಳು ಒಂದರೊಳಗೊಂದು ಸೇರುವಲ್ಲಿನ ಅಲ್ಯೂಮಿನಿಯಂ ಕ್ಲಾಂಪಿನ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆ. ಅದು ಬರಿಯ ಸುಣ್ಣವಾಗಿರಲಾರದು. ಕಾರ್ಬನ್ ಮತ್ತು ಅಲ್ಯೂಮಿನಿಯಂ ಒಂದನ್ನೊಂದು ಮುಟ್ಟಿ ನಡುವೆ ತೇವವಿದ್ದರೆ ಅಲ್ಲೊಂದು ಬ್ಯಾಟರಿಯೇ ಹುಟ್ಟುತ್ತದೆ, ಅಲ್ಯೂಮಿನಿಯಂ ಸವೆಯುತ್ತದೆ. ವಿಮಾನಗಳಲ್ಲಿ ಇದನ್ನು ತಪ್ಪಿಸಲು ಎರಡರ ನಡುವೆ ಗಾಜಿನ ಬಟ್ಟೆಯ ಒಂದು ಪದರ ಹಾಕುತ್ತಾರೆ. ನಿಮ್ಮಲ್ಲಿ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ಮದ್ದು ಬೇರೆ ಇದೆ. ಮೈಲುತುತ್ತಿನ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತರೆ ಸವೆತ ಇನ್ನೂ ಜೋರು, ಸುಣ್ಣದ ಕ್ಷಾರವೂ ಅಲ್ಯೂಮಿನಿಯಂಗೆ ಒಳ್ಳೆಯದಲ್ಲ. ಕೊಳೆರೋಗಕ್ಕೆ ಮದ್ದು ಹೊಡೆದ ದಿನ ಸಂಜೆ ದೋಟಿಯನ್ನು ಬಿಚ್ಚಿ, ಕ್ಲಾಂಪು ಸಡಿಲಿಸಿ, ಒಳ್ಳೆಯ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಇಡಬೇಕು. ಮರಳಿನ ಕಣ ಉಳಿದರೆ ಕೊಳವೆ ಕೊಳವೆಗೆ ಉಜ್ಜಿ ವಾರ್ನಿಶ್ ಗೀರುತ್ತದೆ. ಅಡಿಕೆ ಬೇಯಿಸುವ ಒಲೆಯ ಹತ್ತಿರವಂತೂ ಇಡಲೇಬೇಡಿ, ಬಿಸಿಗೆ ಎಪಾಕ್ಸಿ ಮೆದುವಾಗುತ್ತದೆ.

ಬರಿಯ ಹೊಳಪು ಹೋದ, ಎಳೆ ಕಾಣದ ತುಂಡುಗಳಿಗೆ ನೀವೇ ಮದ್ದು ಮಾಡಬಹುದು. ನಯವಾದ ಉಜ್ಜುಕಾಗದದಿಂದ ಒದ್ದೆಯಾಗಿಯೇ ಹಗುರಕ್ಕೆ ಉಜ್ಜಿ, ಪುಡಿ ತೊಳೆದು ಒಣಗಿಸಿ, ಎರಡು ಡಬ್ಬಿ ಬೆರೆಸಿ ಹಚ್ಚುವ ಪಾಲಿಯುರೆಥೇನ್ ವಾರ್ನಿಶ್ ಹಚ್ಚಿ. ಬಿಸಿಲು ತಾಳುವಂಥದ್ದೇ ಕೊಡಿ ಎಂದು ಕೇಳಿ ತನ್ನಿ. ಗೋಡೆಗೆ, ಕಿಟಕಿಗೆ ಬಳಿಯುವ ಪೇಂಟು ಬೇಡ. ಬಣ್ಣ ಮುಚ್ಚಿದರೆ ನಾಳೆ ಬಿರುಕು ಬಿಟ್ಟದ್ದೂ ಕಾಣುವುದಿಲ್ಲ, ಪಾರದರ್ಶಕವಾಗಿದ್ದರೆ ಕಣ್ಣಿಗೆ ಬೀಳುತ್ತದೆ. ಉಜ್ಜುವಾಗ ಹುಡುಗನಿಗೆ ಮುಖಗವಸು, ಕೈಗವಸು ಹಾಕಿಸಿ, ಕಾರ್ಬನ್ ಪುಡಿ ಚರ್ಮಕ್ಕೂ ಉಸಿರಿಗೂ ಕಿರಿಕಿರಿ. ಎಳೆ ಎದ್ದ ತುಂಡಿನ ಮಾತು ಬೇರೆ. ಅದನ್ನು ನಾಣ್ಯದಿಂದ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗಿ. ಎಲ್ಲ ಕಡೆ ಖಣಖಣ ಎಂದು ಒಂದು ಕಡೆ ಮಂಕಾಗಿ ಸದ್ದು ಬಂದರೆ ಅಲ್ಲಿ ಪದರ ಬಿಟ್ಟಿದೆ. ಅಂಥದ್ದಕ್ಕೆ ಹೊರಗಿನಿಂದ ಏನು ಹಚ್ಚಿದರೂ ಒಳಗಿನ ಹಿಡಿತ ಮರಳಿ ಬರುವುದಿಲ್ಲ. ಆ ತುಂಡೊಂದನ್ನೇ ಬದಲಾಯಿಸಿ. ದುಬಾರಿ ಎಂದು ಗೊತ್ತು. ಆದರೂ ಕೆಳಗೆ ನಿಂತವರ ತಲೆಯ ಮೇಲೆ ಮುರಿದು ಬೀಳುವ ವಸ್ತು ಅದು.

ಇದಕ್ಕಿಂತ ಮುಖ್ಯವಾದ ಮಾತು, ಮನೆಯವರಿಗೆಲ್ಲ ಓದಿ ಹೇಳಿ: ಕಾರ್ಬನ್ ಎಳೆಯಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ದೋಟಿ ಲೈನಿಗೆ ತಾಗಿದರೆ ಸಾವು ಎಂದು ಎಲ್ಲರಿಗೂ ಗೊತ್ತು, ಕಪ್ಪು ದೋಟಿ 'ಫೈಬರ್' ಎಂಬ ಕಾರಣಕ್ಕೆ ಸುರಕ್ಷಿತ ಎಂದು ಅನೇಕರು ನಂಬಿದ್ದಾರೆ. ಆ ನಂಬಿಕೆ ತಪ್ಪು. ಮೇಲಿನ ವಾರ್ನಿಶ್, ನಡುವಿನ ಎಪಾಕ್ಸಿ, ಒಳಗಿನ ಸೈಜಿಂಗ್, ಯಾವುದೂ 11 ಸಾವಿರ ವೋಲ್ಟಿನ ಮುಂದೆ ನಿಲ್ಲುವುದಿಲ್ಲ. ಒಣಗಿದ ಶುದ್ಧ ಗಾಜಿನ ನಾರು ವಿದ್ಯುತ್ ತಡೆಯುತ್ತದೆ, ನಿಜ. ಮದ್ದಿನ ನೀರು ಇಳಿದು ಒದ್ದೆಯಾದರೆ ಅದನ್ನೂ ನೆಚ್ಚುವಂತಿಲ್ಲ. ಲೈನ್ ಹಾದುಹೋಗುವ ಕಡೆ ದೋಟಿ ಎತ್ತಲೇಬಾರದು. ಅಲ್ಲಿನ ಮರಗಳಿಗೆ ಹೆಸ್ಕಾಂನವರಿಗೆ ಹೇಳಿ ಲೈನ್ ತೆಗೆಸಿಯೇ ಕೆಲಸ.

ಇನ್ನು ಸಿಪ್ಪೆ. ಹಸಿ ಅಡಿಕೆಕಾಯಿಯಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಸುಲಿಯುವ ಕಾಲ ಬಂದರೆ ರಸ್ತೆಯ ಬದಿಯಲ್ಲಿ ರಾಶಿ ಬೀಳುತ್ತದೆ, ಕೊಳೆಯುತ್ತದೆ, ಕೆಲವರು ಬೆಂಕಿ ಇಡುತ್ತಾರೆ. ಅದರಲ್ಲಿ ಒಳ್ಳೆಯ ನಾರಿದೆ ಎಂಬುದು ಸುಳ್ಳಲ್ಲ. 2011ರಲ್ಲಿ ದಾವಣಗೆರೆಯ ಸಂಶೋಧಕರು ಅಡಿಕೆ ನಾರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಸಂಸ್ಕರಿಸಿ, ಎಪಾಕ್ಸಿ ಮತ್ತು ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟುಗಳಲ್ಲಿ ಒತ್ತಿ ಹಲಗೆ ಮಾಡಿ, ಬಾಗುವ, ಪೆಟ್ಟು ತಾಳುವ ಗುಣ ಅಳೆದು ಪ್ರಕಟಿಸಿದ್ದಾರೆ. ಕ್ಷಾರದ ಸಂಸ್ಕಾರ ಮಾಡಿದ್ದು ಹಿಡಿತಕ್ಕಾಗಿಯೇ. ಗಾಜು, ಕಾರ್ಬನ್‌ಗಿಂತ ಅಡಿಕೆ ನಾರಿನ ಕಷ್ಟ ಬೇರೆ ಬಗೆಯದು. ಅದರ ಮೈಮೇಲೆ ಮೇಣ, ಪೆಕ್ಟಿನ್, ಹೆಮಿಸೆಲ್ಯುಲೋಸ್ ಇವೆ. ನಾರು ನೀರನ್ನು ಹೀರಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಪ್ರತಿ ಸಲ ಉಬ್ಬಿ ಕುಗ್ಗಿದಾಗಲೂ ಅಂಟಿನಿಂದ ಸ್ವಲ್ಪ ಸ್ವಲ್ಪ ಕಳಚಿಕೊಳ್ಳುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಇದು ಸಣ್ಣ ತೊಂದರೆಯಲ್ಲ. ಹದವಾದ ಕ್ಷಾರದಲ್ಲಿ ನೆನೆಸಿದರೆ ಮೇಣ ಹೋಗಿ ಮೈ ಒರಟಾಗಿ ಅಂಟು ಕಚ್ಚುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ನಾರೇ ಸೊರಗುತ್ತದೆ. ಆಮೇಲೆ ಸಿಲೇನ್ ಲೇಪ ಕೊಟ್ಟರೆ ನೀರು ಹೀರುವುದು ತಗ್ಗುತ್ತದೆ.

ಹಾಗಾಗಿ ಯಂತ್ರ ಮಾರುವವರು ಬಂದಾಗ ಒತ್ತುವ ಯಂತ್ರ ಎಷ್ಟು ಟನ್ ಎಂದು ಕೇಳುವುದಕ್ಕೆ ಮೊದಲು, ನಾರಿಗೆ ಏನು ಸಂಸ್ಕಾರ ಮಾಡುತ್ತೀರಿ ಎಂದು ಕೇಳಿ. ಏನೂ ಬೇಡ, ಹಾಗೇ ಒತ್ತುವುದು ಎಂದರೆ ಮಾತು ಅಲ್ಲಿಗೇ ನಿಲ್ಲಿಸಬಹುದು. ಕ್ಷಾರದಲ್ಲಿ ತೊಳೆಯುತ್ತೇವೆ ಎಂದರೆ, ತೊಳೆದ ಆ ಕಪ್ಪು ನೀರನ್ನು ಎಲ್ಲಿ ಬಿಡುತ್ತೀರಿ ಎಂದು ಕೇಳಿ. ಅದು ಹಳ್ಳಕ್ಕೆ ಇಳಿದರೆ ಕೆಳಗಿನ ತೋಟದವರ ಬಾವಿಯವರೆಗೂ ಹೋಗುತ್ತದೆ. ಅಂಟು ಯಾವುದು ಎಂದೂ ಕೇಳಿ. ಯೂರಿಯಾ-ಫಾರ್ಮಾಲ್ಡಿಹೈಡ್ ಅಗ್ಗ, ಆದರೆ ನೀರಿಗೆ ಸೋಲುತ್ತದೆ, ಮುಚ್ಚಿದ ಕೋಣೆಯಲ್ಲಿ ಅದರ ಗಾಳಿ ಕಣ್ಣುರಿಸುತ್ತದೆ. ಮಾದರಿ ಹಲಗೆಯ ಒಂದು ತುಂಡನ್ನು ಇಸಿದುಕೊಂಡು, ಅಂಚು ಕತ್ತರಿಸಿ, ದಪ್ಪ ಅಳೆದು, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿ. ಮತ್ತೆ ಅಳೆಯಿರಿ. ಒಣಗಿಸಿ ಇನ್ನೊಮ್ಮೆ ಅದೇ ಪರೀಕ್ಷೆ ಮಾಡಿ. ಎರಡನೇ ಸಲ ಅಂಚಿನಲ್ಲಿ ನಾರು ಪೊರೆಪೊರೆಯಾಗಿ ಎದ್ದರೆ ಅದರ ಒಳಲೇಪ ಸರಿಯಿಲ್ಲ. ಈ ಪರೀಕ್ಷೆ ಗೆದ್ದ ಹಲಗೆ ತಂದುಕೊಟ್ಟವರ ಜೊತೆ ಮಾತ್ರ ಹಣದ ಮಾತು ಆಡಿ. ಆ ತನಕ ಸಿಪ್ಪೆ ತೋಟಕ್ಕೇ ಹೋಗಲಿ, ಮುಚ್ಚಿಗೆಯಾಗಿ, ಗೊಬ್ಬರವಾಗಿ ಅದಕ್ಕೆ ಒಳ್ಳೆಯ ಕೆಲಸವಿದೆ.

ನಾರು ಬಿಡಿಸಿ ನೋಡುವ ಮನಸ್ಸಿದ್ದರೆ ಹಸಿ ಸುಲಿದ ಕಾಯಿಯ ಸಿಪ್ಪೆ, ಒಣಗಿದ ಚಾಲಿಯ ಸಿಪ್ಪೆ, ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಸ್ವಲ್ಪ ಸ್ವಲ್ಪ ಕಳಿಸಿ. ಎರಡರ ನಾರು ಒಂದೇ ಅಲ್ಲ, ಸಂಸ್ಕಾರದ ಹದವೂ ಒಂದೇ ಆಗದು. ಪರೀಕ್ಷೆ ಮಾಡಬಲ್ಲ ಗೆಳೆಯರು ನನಗಿದ್ದಾರೆ. ಅದಕ್ಕೂ ಮೊದಲು ದೋಟಿಯ ಕ್ಲಾಂಪುಗಳನ್ನು ಬಿಚ್ಚಿ ಒಳಗಿನ ಮೈ ಹೇಗಿದೆ ಎಂದು ಚಿತ್ರ ತೆಗೆದು ಕಳಿಸಿ. ಅಲ್ಯೂಮಿನಿಯಂ ಹೊಂಡಬಿದ್ದಿದ್ದರೆ ಆ ಕ್ಲಾಂಪನ್ನೂ ತುಂಡಿನ ಜೊತೆಗೇ ಬದಲಾಯಿಸಿಬಿಡೋಣ, ಮುಂದಿನ ಮದ್ದಿನ ಹೊತ್ತಿಗೆ ತಯಾರಿರುತ್ತದೆ.

ಭಾವನವರಿಗೆ ನನ್ನ ನಮಸ್ಕಾರ ಹೇಳಿ. ಹುಡುಗನ ಅಂಗೈಯಲ್ಲಿ ಎಳೆಯ ಚೂರು ಇನ್ನೂ ಉಳಿದಿದ್ದರೆ ಕೆದಕಬೇಡಿ, ಡಾಕ್ಟರಿಗೆ ತೋರಿಸಿ ತೆಗೆಸಿ. ಕಾರ್ಬನ್ ಎಳೆ ಮುರಿದು ಒಳಗೇ ಉಳಿಯುತ್ತದೆ.

ಇಂತಿ,
ನಿಮ್ಮ ಪ್ರೀತಿಯ ತಮ್ಮ